ನನ್ನ ಕೈ ಹಿಡಿದ ಎಮ್ಮೆಗಳು

ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಕಟ್ಟುತ್ತಿದ್ದ ಕಾಲಕ್ಕೆ ನಮ್ಮಜ್ಜ ಕಡೂರಿನ ಕಡೆಯಿಂದ ಏಳು ಎಮ್ಮೆ ಹೊಡೆದುಕೊಂಡು ನಡೆದೇ ಬಂದರಂತೆ. ಕ್ವಾರ್ಟರ್ಸಿನಾಚೆ ಬರೀ ಲಂಟಾನ ಪೊದೆ. ಅದನ್ನು ಸವರಿ, ಬೇಲಿ ಹಾಕಿ, ಕೊಟ್ಟಿಗೆ ಎಬ್ಬಿಸಿ, ಆಮೇಲೆ ತಮಗೊಂದು ಮನೆ ಕಟ್ಟಿಕೊಂಡರು. ಮೊದಲು ಎಮ್ಮೆ, ಆಮೇಲೆ ಮನುಷ್ಯರು ಎಂಬ ಆ ಕ್ರಮ ನಮ್ಮ ವಂಶಕ್ಕೇ ಅಂಟಿತು. ಅಷ್ಟು ವರ್ಷಗಳಲ್ಲಿ ಒಂದು ರಾತ್ರಿಯೂ ಬೇರೆ ಊರಲ್ಲಿ ಮಲಗಿದವನಲ್ಲ ಎಂದು ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು. ನನಗದು ಜೈಲುವಾಸದ ವರ್ಣನೆಯಂತೆ ಕೇಳುತ್ತಿತ್ತು.

ಹಾಗೆಂದು ಬೋನಿಗೆ ನನ್ನನ್ನು ಯಾರೂ ದೂಡಲಿಲ್ಲ, ನಾನೇ ಹೋಗಿ ಬಿದ್ದೆ. ಅಮ್ಮನ ಬೆರಳ ಗಂಟುಗಳು ಊದಿಕೊಂಡಾಗ ಹೈಸ್ಕೂಲಿನಲ್ಲಿದ್ದ ನಾನು ಹಾಲು ಕರೆಯಲು ಕೂತೆ. ಎಮ್ಮೆ ಒಂದು ಕೈಗೆ ಒಗ್ಗಿದರೆ ಇನ್ನೊಂದು ಕೈಗೆ ಹಾಲು ಇಳಿಸುವುದಿಲ್ಲ. ಆಗ ಕೊಟ್ಟಿಗೆಯಲ್ಲಿದ್ದ ನಾಲ್ಕೂ ನನಗೇ ಒಗ್ಗಿದವು. ನಾನಿಲ್ಲದಿದ್ದರೆ ಕ್ವಾರ್ಟರ್ಸಿಗೆ ಕಾಫಿಯೇ ಇಲ್ಲ ಎಂದು ಜಂಬ ಕೊಚ್ಚಿಕೊಂಡೆ. ಆ ಬಾಯಿಗೆ ಆಗಲೇ ಬೀಗ ಹಾಕಬೇಕಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿದು ಶಿವಮೊಗ್ಗದಲ್ಲಿ ಶಿಕ್ಷಕರ ತರಬೇತಿಯ ಟಿಸಿಎಚ್ ಸೀಟು ಸಿಕ್ಕಿತು. ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿಯಾದರೂ ಹಾಸ್ಟೆಲಿನಲ್ಲೇ ಇರಬೇಕೆಂಬ ನಿಯಮ. ಅಜ್ಜ ಬೇಡ ಎನ್ನಲಿಲ್ಲ. ಹೊಳೆಹೊನ್ನೂರಿನಿಂದ ಅಣ್ಣನ ಕೈ ಹಿಡಿದು ಬಂದು ಎರಡೇ ತಿಂಗಳಾಗಿದ್ದ ಅತ್ತಿಗೆಗೆ ನಿನ್ನ ಸೀರೆ ಉಡಿಸಿ ಕರೆಯಲು ಕೂರಿಸು, ಎಮ್ಮೆಗಳು ನೀನೇ ಅಂದುಕೊಂಡರೆ ಹೊರಡು ಎಂದರು.

ಕೊಟ್ಟಿಗೆಯಲ್ಲಿ ಉಡುತ್ತಿದ್ದ ನನ್ನ ಸೀರೆಯ ತುಂಬ ಸಗಣಿ. ಹೊಸ ಸೊಸೆಗೆ ಮೈಲಿಗೆ ಸೀರೆ ಕೊಡುವುದೆಂತು? ಸೋಪಿನ ಪುಡಿಯಲ್ಲಿ ನೆನೆಸಿ, ಎರಡೆರಡು ಸಲ ಉಜ್ಜಿ, ಬಿಸಿಲಿಗೆ ಒಣಗಿಸಿ, ಮಡಿಸಿ ಕೊಟ್ಟೆ. ಅತ್ತಿಗೆ ಮಾತಾಡದೆ ಉಟ್ಟಳು.

ಸಂಜೆ ಮೊದಲ ಎಮ್ಮೆ ಮೂಸಿ ನೋಡಿ ಬಕೆಟ್ ಒದೆಯಿತು. ಉಳಿದ ಮೂರೂ ಹಾಲು ಬಿಗಿಹಿಡಿದು ನಿಂತವು. “ಎಮ್ಮೆನೇ ಬೇಡ ಅಂತು ಮಾರಾಯ್ತಿ,” ಎಂದರು ಅಜ್ಜ. ಆ ದನಿಯಲ್ಲಿದ್ದ ನಿರಾಳವನ್ನು ನಾನಿನ್ನೂ ಕ್ಷಮಿಸಿಲ್ಲ. ಸೇರಲು ಮರುದಿನವೇ ಕೊನೆಯ ದಿನ. ಅವತ್ತು ಅಳುತ್ತಲೇ ಕರೆದೆ. ನನ್ನ ಕಣ್ಣೀರು ಎಮ್ಮೆ ಮೇಲೆ ಮಳೆ ಸುರಿದಂತಾಯಿತು, ಹಾಲು ಒಂದು ತೊಟ್ಟೂ ಕಮ್ಮಿಯಾಗಲಿಲ್ಲ.

ಏಳು ವರ್ಷ ಹೀಗೇ ಹೋಯಿತು. ಆಮೇಲೆ ಬಂದ ಎಮ್ಮೆಗಳೂ ನನ್ನ ಕೈಗೇ ಒಗ್ಗಿದವು. ಕೈ ಹಿಡಿಯಲು ದೂರದ ಗಂಡು ಬಂದರೆ ಮನೆಯವರು ಜಾತಕ ಸರಿಯಿಲ್ಲ ಎಂದು ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ಅತ್ತಿಗೆಯೂ ನಾನೂ ಹಾಲಿನ ಕ್ಯಾನು ತೊಳೆಯುತ್ತಿದ್ದಾಗ ಆ ಸೀರೆಯ ಮಾತು ಬಂತು. ಎಮ್ಮೆ ಆವತ್ತು ಯಾಕೆ ಒಪ್ಪಲಿಲ್ಲವೋ ಎಂದೆ. ಅವಳು ತಲೆಯೆತ್ತಲಿಲ್ಲ.

“ಒಗೆದ ಸೀರೇಲಿ ನಿನ್ ವಾಸನೆ ಎಲ್ಲಿರುತ್ತೆ? ನಮ್ ತವರಲ್ಲೂ ಎಮ್ಮೆ ಇದ್ವು. ಆವತ್ತೇ ಗೊತ್ತಿತ್ತು ನಂಗೆ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರೆ ನೀನು ಹೋಗ್ತಿದ್ದೆ. ನಾನು ಕೂರ್ತಿದ್ದೆ.”

ಬಯ್ಯಲು ಬಾಯಿ ತೆರೆದೆ. ಅವಳ ಜಾಗದಲ್ಲಿದ್ದಿದ್ದರೆ ನಾನೂ ಹೇಳುತ್ತಿರಲಿಲ್ಲ. ಅಷ್ಟರಲ್ಲಿ ಕೊಟ್ಟಿಗೆಯಿಂದ ಎಮ್ಮೆ ಕೂಗಿತು. ಇಬ್ಬರೂ ಅತ್ತ ನೋಡಿದೆವು. ಎದ್ದು ಹೋದವಳು ನಾನೇ.