ರೇಷ್ಮೆ ಎಳೆ ಜಾರಿದ ತಂತಿ

ಇಳಕಲ್ಲಿನ ಓಣಿಗಳಲ್ಲಿ ಇನ್ನೂ ನಸುಗತ್ತಲೆ. ಬಾಗಲಕೋಟೆಯ ಮದುವೆಯೊಂದರಲ್ಲಿ ನುಡಿಸಿ, ಮೊದಲ ಬಸ್ಸಿಗೆ ಬಂದಿಳಿದ ಸೋಮಲಿಂಗ ಸಪ್ಪರದ ಅವರು ಹೆಗಲ ಮೇಲಿನ ಗಿಟಾರನ್ನು ಗೋಡೆಗೆ ಒರಗಿಸುತ್ತಾರೆ. ಮುಖ ತೊಳೆದು, ಚಹಾ ಕುಡಿದು, ಸೀದಾ ಹೆಂಡತಿಯ ಮುಂದೆ ಹೋಗಿ ಎರಡೂ ಕೈ ಚಾಚಿ ನಿಲ್ಲುತ್ತಾರೆ, ಶಾಲೆಯಲ್ಲಿ ಮಾಸ್ತರರಿಗೆ ಉಗುರು ತೋರಿಸುವ ಹುಡುಗನ ಹಾಗೆ. ಸುನಿತಾ ನೂಲಿನ ಲಡಿಯಿಂದ ಒಂದೇ ಒಂದು ರೇಷ್ಮೆ ಎಳೆ ಬಿಚ್ಚಿ, ಗಂಡನ ಬೆರಳ ತುದಿಗಳ ಮೇಲೆ ಅದನ್ನು ನಿಧಾನಕ್ಕೆ ಎಳೆಯುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಎಳೆ ಎಲ್ಲಿಯೂ ತಡೆಯದೆ ಜಾರುತ್ತದೆ.

"ಹೂಂ, ಕೂಡ್ರಿ," ಎನ್ನುತ್ತಾರೆ ಸುನಿತಾ. ಸೋಮಲಿಂಗ ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿಯುತ್ತಾರೆ. ರಾತ್ರಿಯ ನಿದ್ದೆ ಬಸ್ಸಿನಲ್ಲಿ ಆದಷ್ಟೇ.

ಹಗಲು ಸೀರೆ, ಸಂಜೆ ಬಾಸ್ ಗಿಟಾರ್. ಮೂವತ್ತೇಳರ ಸೋಮಲಿಂಗ ಅವರ ಬದುಕು ಎಂಟು ವರ್ಷದಿಂದ ಹೀಗೇ ಸಾಗಿದೆ. ಮೂರು ನಾಲ್ಕು ದಿನಕ್ಕೆ ಒಂದು ಸೀರೆ ಮಗ್ಗದಿಂದ ಇಳಿಯುತ್ತದೆ. ಮದುವೆಯ ತಿಂಗಳುಗಳಲ್ಲಿ ಹುನಗುಂದ, ಕೆರೂರ, ಬಾದಾಮಿ ಎಂದು ವಾರಕ್ಕೆರಡು ಕಾರ್ಯಕ್ರಮ ಇದ್ದೇ ಇರುತ್ತವೆ. ಅಂದಾನಪ್ಪನವರ ಆರ್ಕೆಸ್ಟ್ರಾದಲ್ಲಿ ಹಾಡುವವರ ಮೇಲೆ ಬಣ್ಣದ ಬೆಳಕು ಬೀಳುತ್ತದೆ, ಡ್ರಮ್ಮಿನವನ ಹತ್ತಿರ ಹುಡುಗರು ಮುತ್ತುತ್ತಾರೆ. ಹಿಂದೆ, ಸ್ಪೀಕರಿನ ಪಕ್ಕ, ಉದ್ದ ಕುತ್ತಿಗೆಯ ಗಿಟಾರ್ ಹಿಡಿದು ನಿಂತವರನ್ನು ಕೇಳುವವರು ಯಾರು? ಒಮ್ಮೆ ಬೇವೂರಿನಲ್ಲಿ ಊಟಕ್ಕೆ ಕುಳಿತಾಗ ಬಡಿಸುವವನು, "ನೀವು ಲೈಟಿನವ್ರೇನ್ರಿ?" ಎಂದು ಕೇಳಿದ್ದನಂತೆ. "ಹೌದು ಅಂದೆ. ಹೋಳಿಗಿ ಮುಂದ ಹೋಗ್ತಿತ್ತಲ್ರಿ," ಎಂದು ಸೋಮಲಿಂಗ ನಗುತ್ತಾರೆ.

ಗಿಟಾರ್ ಕೈಗೆ ಬಂದಿದ್ದೂ ಹೀಗೇ ಬದಿಯ ಬಾಗಿಲಿನಿಂದ. ಸೋಮಲಿಂಗ ಆರ್ಕೆಸ್ಟ್ರಾದ ಸ್ಪೀಕರ್ ಡಬ್ಬಿ, ವೈರು ಹೊತ್ತು ಹೋಗುತ್ತಿದ್ದ ಕಾಲ. ಬಾಸ್ ನುಡಿಸುವವನು ಪುಣೆಗೆ ಹೋಗಿ ತಿರುಗಿ ಬರಲಿಲ್ಲ. ಕೀಬೋರ್ಡ್ ನುಡಿಸುವ ಯಜಮಾನ ಅಂದಾನಪ್ಪ ಅನಾಥವಾಗಿ ಬಿದ್ದಿದ್ದ ಗಿಟಾರನ್ನು ಇವರ ಕೊರಳಿಗೆ ತಗುಲಿಸಿ, "ಲೇ ಸೋಮ್ಯಾ, ನಿನ್ನ ಮಗ್ಗದಾಗ ಸಾವಿರ ಎಳಿ ಅದಾವ. ಇದರಾಗ ನಾಕ. ಕಲಿಯಾಕ ಏನ್ ಧಾಡಿ?" ಎಂದರು. ಕಲಿತರು. ಕುಣಿಯಲ್ಲಿ ಕುಳಿತು ಕಾಲಿನಿಂದ ಲೆಕ್ಕ ಹಿಡಿದು ಬೆಳೆದವರಿಗೆ ತಾಳ ಕಷ್ಟವಾಗಲಿಲ್ಲ.

ಕಷ್ಟವಾಗಿದ್ದು ಬೆರಳಿಗೆ.

ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ, ಬೇರೆ ಬೇರೆ. ಹತ್ತಿಯ ಎಳೆಯೊಳಗೆ ರೇಷ್ಮೆಯ ಎಳೆ ಸಿಕ್ಕಿಸಿ, ಕೊಂಡಿಗೆ ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೆ ಗಂಡ ಹೆಂಡತಿ ಎದುರುಬದುರು ಕೂರುತ್ತಾರೆ. ಕೈ ನುಣುಪಾಗಿರಬೇಕು, ಇಲ್ಲದಿದ್ದರೆ ರೇಷ್ಮೆ ಕ್ಷಮಿಸುವುದಿಲ್ಲ. ಬಾಸ್ ಗಿಟಾರಿನ ತಂತಿಯೋ, ಕಬ್ಬಿಣದ ಎಳೆಗೆ ದುಂಡನೆಯ ಸರಿಗೆ ಸುತ್ತಿದ್ದು. ಅರದ ಹಾಗೆ ಗೆರೆ ಗೆರೆ. ಅದರ ಮೇಲೆ ದಿನಾ ಬೆರಳು ಉಜ್ಜಿದರೆ ಚರ್ಮ ಉಳಿಯುತ್ತದೆಯೇ?

ಒಂದು ದಿನ, ಇವರಿಗೆ ನೇಯಲು ಕೊಡುವ ಸಾವುಕಾರ ಪಾಂಡಪ್ಪ ಎರಡು ಸೀರೆ ತಿರುಗಿ ತಂದು ಸುನಿತಾ ಮುಂದೆ ಹರವಿದರು. ಸೆರಗಿನ ತುಂಬ ಕಿತ್ತ ಎಳೆ, ಎದ್ದ ನವಿರು. "ಏನವ್ವಾ, ಸೆರಗಿನ ಮ್ಯಾಲ ಬೆಕ್ಕ ಮಲಗಿತ್ತೇನು?" ಎಂದರು ಪಾಂಡಪ್ಪ. ಸುನಿತಾಗೆ ನಾಚಿಕೆಯಿಂದ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಲಾಳಿ ನೋಡಿದರು, ಹಣಿಗೆ ನೋಡಿದರು, ಮಗ್ಗದ ಕಟ್ಟಿಗೆಗೆ ಸೀಳು ಬಿಟ್ಟಿದೆಯೇ ಎಂದು ತಡವಿದರು. ಎಲ್ಲವೂ ಸರಿಯಾಗಿದ್ದವು. ಕೊನೆಗೆ ಗಂಡನ ಕೈ ಹಿಡಿದು ಒಂದು ಎಳೆ ಎಳೆದರು. ತೋರುಬೆರಳ ತುದಿಯಲ್ಲಿ ಅದು ಗಕ್ಕನೆ ನಿಂತಿತು.

"ಕೈ ಅವ, ಕೆಲಸ ಎರಡ," ಎಂದರು ಸುನಿತಾ. "ಯಾವ್ದ ಬಿಡ್ತೀರಿ ನೀವ ಹೇಳ್ರಿ. ಈ ಬೆರಳು ತಗೊಂಡು ಮಗ್ಗಕ್ಕ ಬರಬ್ಯಾಡ್ರಿ."

ಮಗ್ಗ ಬಿಡುವ ಮಾತೇ ಇರಲಿಲ್ಲ. ಗಿಟಾರ್ ಗೂಟಕ್ಕೇರಿತು. "ಖರೆ ಹೇಳ್ತೇನ್ರಿ, ಆಗ ಊಟ ರುಚಿ ಹತ್ತಲಿಲ್ಲ. ಲಾಳಿ ಒಗದ್ರೂ ಗಿಟಾರಿನ ಸಪ್ಪಳ, ಕಾಲ ಇಟ್ರೂ ಅದ ಸಪ್ಪಳ," ಎನ್ನುತ್ತಾರೆ ಸೋಮಲಿಂಗ.

ಸುಮ್ಮನೆ ಕುಳಿತವರಲ್ಲ ಇವರು. ಬೆರಳಿಗೆ ಪಟ್ಟಿ ಸುತ್ತಿಕೊಂಡು ನೋಡಿದರು, ದನಿ ಸತ್ತಿತು. ಆಮೇಲೆ ನೇಕಾರನಿಗಲ್ಲದೆ ಬೇರೆ ಯಾರಿಗೂ ಹೊಳೆಯದ ಉಪಾಯ ಹೊಳೆಯಿತು. ನೂಲು ಒರಟಾದರೆ ಗಂಜಿ ಹಾಕುತ್ತೇವೆ, ತಂತಿಗೆ ಯಾಕೆ ಹಾಕಬಾರದು? ಹಾಸಿನ ಎಳೆಗೆಂದು ಕಾಸಿದ ಗಂಜಿಯಲ್ಲೇ ಒಂದಿಷ್ಟು ಉಳಿಸಿ, ನಾಲ್ಕೂ ತಂತಿಗೆ ಬಳಿದು, ಬಿಸಿಲಿಗೆ ಒಣಗಲು ಇಟ್ಟರು. "ಮಧ್ಯಾಹ್ನ ನೋಡ್ತೇನಿ, ಕುತಗಿ ತುಂಬ ಇರುವಿ! ಸಾಲ ಹಚ್ಚಿ ಹೊಂಟಾವ. ನಾಕ ದಿನಕ್ಕ ತಂತಿಗೆ ಜಂಗು." ಓಣಿಗೆಲ್ಲ ಸುದ್ದಿಯಾಯಿತು. ಗಿಟಾರಿಗೆ ಅಂಬಲಿ ಕುಡಿಸಿದವ ಎಂಬ ಬಿರುದು ಈಗಲೂ ಪೂರ್ತಿ ಹೋಗಿಲ್ಲ.

ದಾರಿ ತೋರಿಸಿದ್ದು ಬಾದಾಮಿ. ಒಂದು ಕಾರ್ಯಕ್ರಮಕ್ಕೆ ಡಬ್ಬಿ ಹೊರಲೆಂದೇ ಹೋಗಿದ್ದರು. ಅದೇ ವೇದಿಕೆಗೆ ಸೊಲ್ಲಾಪುರದಿಂದ ಬಂದ ತಂಡದಲ್ಲಿ ಒಬ್ಬ ವಯಸ್ಸಾದ ಬಾಸ್ ವಾದಕ. ಅವರ ಬೆರಳು ಮೇಲೆ ಕೆಳಗೆ ಓಡಿದರೂ ತಂತಿ ಕಿರ್ ಎನ್ನುವುದಿಲ್ಲ. ನುಡಿಸಿ ಇಳಿದ ಮೇಲೆ ಸೋಮಲಿಂಗ ಕೇಳಿ ಆ ತಂತಿಯನ್ನು ಮುಟ್ಟಿದರು. ಗಾಜಿನಷ್ಟು ನುಣುಪು. ಆ ಹಿರಿಯರು ಹೇಳಿದ ಹೆಸರು ಫ್ಲಾಟ್‌ವುಂಡ್. ದುಂಡು ಸರಿಗೆಯ ಬದಲು ಚಪ್ಪಟೆ ಪಟ್ಟಿಯನ್ನು ಒತ್ತೊತ್ತಾಗಿ ಸುತ್ತಿದ ತಂತಿ.

"ನನಗ ಬ್ಯಾರೆ ಹೇಳೂದ ಬೇಕಾಗ್ಲಿಲ್ರಿ. ಜರಿ ಇದ್ದಂಗ. ಜರಿಯಾಗೂ ಸರಿಗಿ ಬಡದು ಚಪ್ಪಟಿ ಮಾಡಿ ಎಳಿಗೆ ಸುತ್ತಿರ್ತಾರ. ಅದಕ್ಕ ಮೈಗೆ ಚುಚ್ಚೂದಿಲ್ಲ."

ಮುಂದಿನ ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಗಂಡ ಹೆಂಡತಿ ಹುಬ್ಬಳ್ಳಿ ಬಸ್ಸು ಹತ್ತಿದರು. ಸುನಿತಾ ಗುಬ್ಬಿಗೂಡಿನಂಥ ಸಣ್ಣ ಚೀಲದಲ್ಲಿ ರೇಷ್ಮೆಯ ಒಂದು ಲಡಿ ಇಟ್ಟುಕೊಂಡಿದ್ದರು. ವಾದ್ಯದ ಅಂಗಡಿಯವನು ಎರಡು ಬಗೆಯ ತಂತಿ ತೆಗೆದಿಟ್ಟ. ಒಂದು ಪೂರಾ ಚಪ್ಪಟೆ. ಇನ್ನೊಂದು ದುಂಡು ಸರಿಗೆ ಸುತ್ತಿ ಮೇಲೆ ಉಜ್ಜಿ ನಯಗೊಳಿಸಿದ್ದು. "ಎರಡನೇದು ತಗೊಳ್ರಿ, ದನಿನೂ ಟಣ್ ಅಂತತಿ, ಕೈಗೂ ಮೆತ್ತಗ," ಎಂದ. ಸೋಮಲಿಂಗ ಮುಟ್ಟಿ ನೋಡಿದರು. ನಿಜ, ಮೆತ್ತಗೇ ಇತ್ತು. ಟಣ್ ಎನ್ನುವ ದನಿಯ ಆಸೆಯೂ ಇತ್ತು. ಕೈ ಅದರ ಕಡೆಗೇ ಹೋಗಿತ್ತು.

ಸುನಿತಾ ಚೀಲದಿಂದ ಎಳೆ ತೆಗೆದರು. ಆ ತಂತಿಗೆ ಒಂದು ಸುತ್ತು ಹಾಕಿ ತುದಿಯಿಂದ ತುದಿಗೆ ಎಳೆದರು. ಅರ್ಧ ದಾರಿಯಲ್ಲಿ ಎಳೆಯ ನವಿರು ಎದ್ದಿತು. ಚಪ್ಪಟೆ ತಂತಿಯ ಮೇಲೆ ಎಳೆದರು, ಜಾರಿಕೊಂಡು ಹೊರಬಂತು. ದಪ್ಪ ತಂತಿ, ಸಣ್ಣ ತಂತಿ ಎನ್ನದೆ ನಾಲ್ಕನ್ನೂ ಹಾಗೇ ನೋಡಿದರು. ಅಂಗಡಿಗೆ ಬಂದಿದ್ದ ಗಿರಾಕಿಗಳು ಈ ಸಂಭ್ರಮ ನೋಡುತ್ತ ನಿಂತುಬಿಟ್ಟರು. "ಇದನ್ನ ಕಟ್ಟಿ ಕೊಡ್ರಿ," ಎಂದರು ಸುನಿತಾ.

ಅಷ್ಟಕ್ಕೇ ಮುಗಿಯಲಿಲ್ಲ. ಈ ತಂತಿಗೆ ಬಿಗಿ ಹೆಚ್ಚು, ಗಿಟಾರಿನ ಕುತ್ತಿಗೆ ಬಾಗಿತು, ಒಳಗಿನ ಸಲಾಕೆ ಬಿಗಿದು ನೆಟ್ಟಗೆ ಮಾಡಿದರು. ತಂತಿ ಕೂರುವ ಕಚ್ಚು ಇಕ್ಕಟ್ಟಾಯಿತು, ಮಗ್ಗ ರಿಪೇರಿಯ ಬಡಿಗೇರರು ಸಣ್ಣ ಅರ ಹಿಡಿದು ಅಗಲ ಮಾಡಿಕೊಟ್ಟರು. ಎಲ್ಲ ಸರಿಹೋಯಿತು ಎನ್ನುವಾಗ ಹೊಸ ತಂತಿಯ ದನಿ ಕೇಳಿ ಅಂದಾನಪ್ಪ ಸಿಡಿದರು.

"ಏನಲೇ ಇದು, ಕಂಬಳಿ ಹೊಚ್ಚಿಕೊಂಡು ಮಾತಾಡಿದಂಗ ಐತಿ! ಈಗಿನ ಹಾಡಿಗೆ ಇದ ನಡ್ಯೂದಿಲ್ಲ. ಕೀಬೋರ್ಡಿನಾಗ ಬಾಸ್ ಐತಿ, ನನ್ನ ಎಡಗೈ ಐತಿ. ನೀ ಮನ್ಯಾಗ ಸೀರಿ ನೇಯಿ."

ಬಾಯಿಮಾತಿನ ಬೆದರಿಕೆಯಲ್ಲ ಅದು. ಕೀಬೋರ್ಡ್ ಬಂದ ಮೇಲೆ ಎಷ್ಟೋ ಆರ್ಕೆಸ್ಟ್ರಾಗಳು ಬಾಸ್ ವಾದಕನನ್ನೇ ಬಿಟ್ಟಿದ್ದವು. "ಹುನಗುಂದದ ಮದವಿ ಒಂದ ನುಡಸ್ತೇನಣ್ಣಾ. ಬ್ಯಾಡ ಅಂದ್ರ ಅಲ್ಲೇ ಗಿಟಾರ್ ಬಿಟ್ಟು ಬರ್ತೇನಿ," ಎಂದರು ಸೋಮಲಿಂಗ. ಹಳೆಯ ತಂತಿಗೆ ತಿರುಗಿ ಹೋಗುವಂತಿರಲಿಲ್ಲ. ಹೋದರೆ ಮಗ್ಗ ಹೋಗುತ್ತದೆ.

ಹುನಗುಂದದಲ್ಲಿ ಅಂದು ಸಂಜೆ ಮೊದಲ ಹಾಡಿಗೆ ಅಂದಾನಪ್ಪನವರ ಎಡಗೈ ಕೀಬೋರ್ಡಿನ ಕೆಳಗಿನ ಮನೆಗಳಲ್ಲಿ ಗುದ್ದುತ್ತಲೇ ಇತ್ತು. ಇವರ ಗಿಟಾರ್ ಕೇಳಿಸದಂತೆ ಬೇಕೆಂದೇ ಗುದ್ದಿದರು ಎಂದು ಸೋಮಲಿಂಗ ನಂಬಿದ್ದಾರೆ. ಎರಡನೆಯದು ನಿಧಾನದ ಹಾಡು. ನಡುವೆ ಗಾಯಕಿ ಉಸಿರು ಹಿಡಿದು ನಿಲ್ಲುವ ಜಾಗದಲ್ಲಿ ಬಾಸ್ ಒಂದೇ ಉಳಿಯುತ್ತದೆ. ಹಳೆಯ ತಂತಿ ಅಲ್ಲಿ ಪ್ರತಿ ಸಲ ಕಿರ್ ಎನ್ನುತ್ತಿತ್ತು. ಅಂದು ಅನ್ನಲಿಲ್ಲ. ಗಾಯಕಿ ತಿರುಗಿ ಒಮ್ಮೆ ಇವರನ್ನು ನೋಡಿ ಹಾಡು ಎತ್ತಿಕೊಂಡರು.

"ನಾ ಹಾಡ ಕೇಳಾಕತ್ತಿದ್ದಿಲ್ರಿ. ಅಣ್ಣನ ಎಡಗೈ ನೋಡಾಕತ್ತಿದ್ದೆ," ಎನ್ನುತ್ತಾರೆ ಸೋಮಲಿಂಗ. "ಮೂರನೇ ಹಾಡಿಗೆ ಅದು ಮ್ಯಾಲೆದ್ದಿತು. ತೊಡಿ ಮ್ಯಾಲ ಹೋಗಿ ಕುಂತಿತು. ನನ್ನ ಕಣ್ಣಾಗ ನೀರ ಬಂದ್ವು."

ಅಂದಾನಪ್ಪನವರನ್ನು ಕೇಳಿದರೆ ಹೊಗಳುವ ಜಾತಿಯಲ್ಲ ಅವರು. "ನಾ ಏನ ಹೇಳ್ಲಿ? ಅಂವ ಇದ್ದಾಗ ನನ್ನ ಎಡಗೈಗೆ ಕೆಲಸಿಲ್ಲ. ಚಾ ಕುಡೀತೇನಿ." ಇದು ಅಕ್ಷರಶಃ ನಿಜ. ಈಗಲೂ ಕಾರ್ಯಕ್ರಮದ ನಡುವೆ ಅವರ ಎಡಗೈಯಲ್ಲಿ ಚಹಾದ ಕಪ್ಪು ಇರುತ್ತದೆ.

ಆ ತಂತಿಗಳೇ ಇಂದಿಗೂ ಗಿಟಾರಿನ ಮೇಲಿವೆ. ಫ್ಲಾಟ್‌ವುಂಡ್ ಹಳತಾದಷ್ಟೂ ಹದವಾಗುತ್ತದೆ. ಮಗ್ಗದ ಮನೆಯ ಧೂಳು ಕೂರದಂತೆ ಒರೆಸಿ, ಹಳೆಯ ಸೆರಗಿನ ತುಂಡು ಹೊದಿಸಿಡುತ್ತಾರೆ. ಪಾಂಡಪ್ಪನವರು ಆಮೇಲೆ ಒಂದು ಸೀರೆಯನ್ನೂ ತಿರುಗಿ ತಂದಿಲ್ಲ.

ಸುನಿತಾ ಮಾತ್ರ ಈವರೆಗೆ ಒಂದು ಕಾರ್ಯಕ್ರಮಕ್ಕೂ ಹೋಗಿಲ್ಲ. ಸೋಮಲಿಂಗ ಅವರಿಗೆ ಇರುವ ಆಸೆ ಅದೊಂದೇ. ಕೊಂಡಿ ಹಾಕುತ್ತ, ತಲೆ ಎತ್ತದೆ ಹೇಳುತ್ತಾರೆ: "ಒಂದ ಸಲ ಇಕಿ ಮುಂದಿನ ಸಾಲಿನಾಗ ಕುಂತು ಕೇಳ್ಬೇಕ್ರಿ. ತಂತಿ ಹೆಂಗ ನುಡೀತತಿ ಅಂತ ಇಕಿಗೆ ಇನ್ನೂ ಗೊತ್ತಿಲ್ಲ."

ಎದುರು ಕುಳಿತ ಸುನಿತಾ ರೇಷ್ಮೆಯ ಎಳೆಯನ್ನು ಹತ್ತಿಯೊಳಗೆ ತೂರಿಸಿ ಮೆಲ್ಲಗೆ ಬಿಗಿದು ನೋಡುತ್ತಾರೆ.

"ಆರಿಸಿದಾಕಿ ನಾನ," ಎನ್ನುತ್ತಾರೆ. "ನನಗ ಗೊತ್ತಿರೂದಿಲ್ಲೇನು?"