ತೊಟ್ಟಿಯ ಮೀನಿನ ಸಾಕ್ಷಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಮಣಿಪಾಲದ ಇಳಿಜಾರಿನ ಒಂದು ವಸತಿ ಸಮುಚ್ಚಯದಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕ ನೋಡಿಕೊಳ್ಳುತ್ತಿದ್ದೆ. ಮಲ್ಪೆಯ ಮೀನುಗಾರರ ಮನೆಯವನು ಕಕ್ಕಸಿನ ನೀರಿಗೆ ಕಾವಲು ಕೂತಿದ್ದಾನೆಂದು ನೆಂಟರು ನಗುತ್ತಿದ್ದರು. ನನಗೆ ಮಾತ್ರ ಆ ಕೆಲಸದ ಮೇಲೆ ವಿಪರೀತ ಜಂಬ. ಮನೆಗಳಿಂದ ಕಪ್ಪಗೆ ನಾರುತ್ತ ಬಂದ ನೀರಿಗೆ ಗಾಳಿ ಊದಿ, ಕೆಸರು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿದರೆ ಕೊನೆಗೆ ತಿಳಿಯಾದ ನೀರು ಬರುತ್ತಿತ್ತು. ಅದು ಹೂದೋಟಕ್ಕೆ ಹೋಗುತ್ತಿತ್ತು.

ಆ ನೀರನ್ನು ಒಂದು ದಿನ ಬಯಲಿಗಿಟ್ಟು, ಕ್ಲೋರಿನ್ ಹಾರಿಹೋದ ಮೇಲೆ ಗಾಜಿನ ತೊಟ್ಟಿಗೆ ತುಂಬಿ ಗಪ್ಪಿ ಮೀನು ಬಿಟ್ಟಿದ್ದೆವು. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ತಪಾಸಣೆಗೆ ಬಂದವರು ಕಡತಕ್ಕಿಂತ ಮೊದಲು ಅದನ್ನೇ ನೋಡುತ್ತಿದ್ದರು. ಮೀನು ಬದುಕಿದೆ, ಹಾಗಾದರೆ ನೀರು ಸರಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆಂದು ನನಗೂ ಅನ್ನಿಸಿರಲಿಲ್ಲ.

ಪಕ್ಕದ ಕಟ್ಟಡದ ಕೂಲಿಗೆ ಬಂದಿದ್ದ ಉತ್ತರ ಕರ್ನಾಟಕದ ಹೆಂಗಸೊಬ್ಬಳು ಬೇಲಿಯಾಚೆ ತಗಡಿನ ಶೆಡ್ಡಿನಲ್ಲಿದ್ದಳು. ನಾಲ್ಕು ತಿಂಗಳ ಬಸುರಿ. ಮಾರ್ಚ್ ಹೊತ್ತಿಗೆ ಅವರ ನೀರಿನ ಟ್ಯಾಂಕರು ಸರಿಯಾಗಿ ಬರದಾಯಿತು. ತೋಟದ ನಲ್ಲಿಯ ನೀರು ಒಯ್ಯಲೇ ಎಂದು ಕೇಳಿದಳು. ಪಾತ್ರೆ ತೊಳೆಯಲು ಇರಬೇಕೆಂದು ಒಪ್ಪಿದೆ. ಅನ್ನಕ್ಕೂ ಅದನ್ನೇ ಇಡುತ್ತಾಳೆಂದು ತಿಳಿದಾಗ ಬೇಡವೆನ್ನಬಹುದಿತ್ತು. ಬದಲಿಗೆ ಅವಳನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಮೀನು ತೋರಿಸಿದೆ. ಕುದಿಸಿ ಕುಡಿ, ಏನೂ ಆಗುವುದಿಲ್ಲ ಎಂದೆ. ಪುಣ್ಯದ ಕೆಲಸ ಮಾಡಿದೆನೆಂದು ಹಿಗ್ಗಿದ್ದೂ ಉಂಟು.

ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಮೀನು. ತಿಂಗಳಿಗೊಮ್ಮೆ ತೊಟ್ಟಿ ತುಂಬ ಮರಿಗಳಾಗುತ್ತಿದ್ದವು. ಮೇ ತಿಂಗಳಿಗೆ ಅದು ನಿಂತುಹೋಗಿತ್ತು. ಗಂಡುಗಳ ಬಾಲದ ಕೆಂಪು, ನೀಲಿ ಮಾಸುತ್ತ ಬಂದು, ಯಾವುದು ಗಂಡು ಯಾವುದು ಹೆಣ್ಣು ಎಂದು ಮೀನಿನ ನಡುವೆಯೇ ಬೆಳೆದ ನನಗೂ ಗೊತ್ತಾಗದಾಯಿತು. ಒಂದೂ ಸಾಯಲಿಲ್ಲ. ಸತ್ತಿದ್ದರೆ ಯಾರಾದರೂ ಕೇಳುತ್ತಿದ್ದರು.

ಮೂರನೇ ಮಹಡಿಯಲ್ಲಿದ್ದ, ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಮೇಷ್ಟ್ರು ಒಮ್ಮೆ ತೊಟ್ಟಿಗೆ ಬಗ್ಗಿ ನೋಡಿ, ಮರಿಗಳೆಲ್ಲಿ ಎಂದು ಕೇಳಿದರು. ಹೆಂಗಸರು ನುಂಗುವ ಗರ್ಭನಿರೋಧಕ ಗುಳಿಗೆಯ ಹಾರ್ಮೋನು, ಅವರ ಮೈಯೊಳಗೇ ಹುಟ್ಟುವ ಹಾರ್ಮೋನು, ಎರಡೂ ಮೂತ್ರದಲ್ಲಿ ಹೊರಬೀಳುತ್ತವಂತೆ; ಗಂಡು ಮೀನನ್ನು ಹೆಣ್ಣಿನಂತೆ ಮಾಡಿಬಿಡುತ್ತವಂತೆ. ನಮ್ಮ ಕೆಸರಿನ ಸೂಕ್ಷ್ಮಜೀವಿಗಳು ಒಂದಷ್ಟನ್ನು ತಿಂದರೂ ಉಳಿದದ್ದು ನೀರಿನಲ್ಲೇ ಇರಬಹುದು, ಅದು ಕುದಿಸಿದರೆ ಹೋಗುವುದಲ್ಲ, ತೆಗೆಯಲು ಇದ್ದಿಲಿನ ಫಿಲ್ಟರೋ ಓಝೋನೋ ಬೇಕು ಎಂದು ವಿವರಿಸಿದರು. ನಮ್ಮಲ್ಲಿ ಎರಡೂ ಇರಲಿಲ್ಲ.

"ಅದೇ ಕಾರಣ ಅಂತ ನಾನು ಹೇಳುವುದಿಲ್ಲ ಮಾರಾಯ, ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಈ ನೀರನ್ನು ಯಾರೂ ಕುಡಿಯುವುದು ಬೇಡ, ಅಲ್ವಾ?" ಎಂದರು.

ಯಾರೂ ಕುಡಿಯುತ್ತಿಲ್ಲ ಎಂದೆ. ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ.

ಮರುವಾರ ತಪಾಸಣೆ ಇತ್ತು. ಹಿಂದಿನ ದಿನ ಸಮುಚ್ಚಯದ ಮ್ಯಾನೇಜರು ತೊಟ್ಟಿ ನೋಡಿ, ಇದೆಂಥ ಬೂದಿ ಬಣ್ಣದ ಮೀನು, ಬೇರೆ ತಂದು ಬಿಡಿ ಎಂದರು. ಬೆಳಿಗ್ಗೆಯೇ ಉಡುಪಿಗೆ ಹೋಗಿ ಝಗಮಗಿಸುವ ಗಂಡು ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದೆ. ಹಳೆಯವನ್ನು ಬಕೆಟಿನಲ್ಲಿ ಹಾಕಿ ಮೇಲೆ ಗೋಣಿ ಮುಚ್ಚಿದೆ. ಬಂದವರು ನೋಡಿದರು, ಮೆಚ್ಚಿದರು, ರುಜು ಹಾಕಿ ಹೋದರು. ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಇನ್ನು ಈ ತೊಟ್ಟಿ ನಾನು ಹೇಳಿಸಿದ್ದನ್ನೇ ಹೇಳುತ್ತದೆ.

ಸಂಜೆ ಶೆಡ್ಡಿನ ಆ ಹೆಂಗಸು ಕೊಡ ಹಿಡಿದು ಬಂದಳು. ಹೊಟ್ಟೆ ಮುಂದಾಗಿ ನಡೆಯಲು ಕಷ್ಟಪಡುತ್ತಿದ್ದಳು. ಹೇಳಿಬಿಡಬೇಕೆಂದೇ ಎದ್ದು ನಿಂತೆ. ಆದರೆ ಇಷ್ಟು ದಿನ ಕುಡಿದದ್ದಕ್ಕೆ ಏನು ಹೇಳಲಿ? ಅಷ್ಟರಲ್ಲಿ ಅವಳು ತೊಟ್ಟಿಯ ಮುಂದೆ ನಿಂತು ಹೊಸ ಮೀನುಗಳನ್ನು ಕಣ್ತುಂಬ ನೋಡಿದಳು.

"ಎಷ್ಟ್ ಚಂದ ಬಣ್ಣ ಬಂದೈತ್ರಿ ಅಣ್ಣಾರ ಇವಕ್ಕ. ನಿಮ್ಮ ನೀರು ಭಾಳ ಚಲೋ ಐತಿ," ಎಂದಳು.

ಆಮೇಲೆ ನಲ್ಲಿ ತಿರುಗಿಸಿದಳು. ಕೊಡ ತುಂಬಿತು. ಬಗ್ಗಿ ಎತ್ತಲು ಅವಳಿಂದ ಆಗಲಿಲ್ಲ. ನಾನೇ ಎತ್ತಿ ಅವಳ ಸೊಂಟದ ಮೇಲಿಟ್ಟೆ.