ಗಿರಣಿಯ ಆಲಿಕೆಯೂ ನನ್ನ ತಂಗಿಯ ಮಗಳೂ

ನನ್ನ ತಗಡಿನಂಗಡಿಯ ಗೋಡೆಯಲ್ಲಿ ನಲವತ್ತೊಂದು ಮೊಳೆಗಳಿಗೆ ನಲವತ್ತೊಂದು ರಟ್ಟಿನ ಅಚ್ಚುಗಳು ತೂಗುತ್ತಿವೆ. ಬಕೆಟ್ಟಿಗೊಂದು, ಹೊಗೆಕೊಳವೆಗೊಂದು, ಎಣ್ಣೆ ಡಬ್ಬಕ್ಕೊಂದು. ಅಚ್ಚನ್ನು ತಗಡಿನ ಮೇಲಿಟ್ಟು ಸುತ್ತ ಗೀಟೆಳೆದು, ಕತ್ತರಿಸಿ ಮಡಿಸಿದರೆ ಸಾಮಾನು ತಯಾರು. ಶಾಲೆಯ ಮೆಟ್ಟಿಲನ್ನು ನಾನು ಹತ್ತಿದ್ದು ಮೂರೇ ವರ್ಷ. ಈ ಅಚ್ಚುಗಳೆಲ್ಲ ನಾನೇ ಕೆಡಿಸಿ ಕೆಡಿಸಿ ಕಲಿತು ಮಾಡಿಕೊಂಡವು. ಆ ಜಂಬ ಇವತ್ತಿಗೂ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ನಲವತ್ತೆರಡನೆಯ ಮೊಳೆಯಲ್ಲಿ ಮಾತ್ರ ಅಚ್ಚಿಲ್ಲ, ಶಾಲೆಯ ಒಂದು ಕಾಗದವಿದೆ.

ಅದು ನನ್ನ ತಂಗಿಯ ಮಗಳದು. ಹುಟ್ಟಿದಾಗಿನಿಂದ ಸಣಕಲು, ಹಾಗಾಗಿ ಮನೆಮಂದಿಗೆಲ್ಲ ಅವಳು ‘ಕಡ್ಡಿ’. ಅವಳಪ್ಪ ತೀರಿಕೊಂಡ ಮೇಲೆ ತಾಯಿ ಮಗಳು ನಮ್ಮ ಮನೆಯಲ್ಲೇ ಇದ್ದರು. ಶಾಲೆ ಬಿಟ್ಟೊಡನೆ ಕಡ್ಡಿ ಅಂಗಡಿಗೆ ಬಂದು, ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತು ಗಣಿತಕ್ಕೆ ಶಾಪ ಹಾಕುತ್ತಿದ್ದಳು. ನಾನೂ ತಾಳ ಹಾಕುತ್ತಿದ್ದೆ. “ತಗಡೇನು ನನ್ನ ಹತ್ರ ಮಗ್ಗಿ ಕೇಳುತ್ತಾ? ಕೈಗೆ ಗೊತ್ತಿದ್ರೆ ಸಾಕು ಬಿಡೇ” ಎನ್ನುತ್ತಿದ್ದೆ. ಆ ಮಾತು ಅವಳ ತಲೆಯಲ್ಲಿ ಬೇರು ಬಿಡುತ್ತಿದ್ದುದು ನನಗೆ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಆ ಕಾಗದ ಹಿಡಿದುಕೊಂಡು ಬಂದಳು.

“ಮಾವ, ಇಲ್ಲೊಂದು ಸಹಿ ಹಾಕು.”

“ಏನದು?”

“ಮುಂದಿನ ವರ್ಷದಿಂದ ಗಣಿತ ಬಿಡೋದಕ್ಕೆ. ನಾಳೆ ಕೊನೇ ದಿನ. ಅಮ್ಮ ಹಾಕಲ್ವಂತೆ. ನಿನ್ನ ತಲೆ ಕೆಡಿಸಿದವನ ಹತ್ರಾನೇ ಹೋಗು ಅಂದ್ಲು.”

“ಅವಳು ಹಾಗೇ. ಹಾಕೋಣ ಇರು, ಈ ಗೀಟು ಮುಗೀಲಿ.”

ನೆಲದ ಮೇಲೆ ದೊಡ್ಡ ದಪ್ಪ ತಗಡು ಹಾಸಿತ್ತು. ಹಿಟ್ಟಿನ ಗಿರಣಿಯವನು ಹೊಸ ಆಲಿಕೆ ಕೇಳಿದ್ದ. ಮೇಲಿನ ಮರದ ಅಟ್ಟದಲ್ಲಿ ಕೂರಿಸಿ, ಕಾಳು ಸುರಿದರೆ ಕೆಳಗಿನ ಯಂತ್ರದ ಬಾಯಿಗೆ ಇಳಿಯಬೇಕು. ಹಳೆಯದು ಹಿಡಿಯುವುದರ ಎರಡರಷ್ಟು ಹಿಡಿಯಬೇಕು ಎಂದಿದ್ದ. ಹಳೆಯದರ ಅಚ್ಚು ನನ್ನಲ್ಲೇ ಇತ್ತು. ಉದ್ದ, ಅಗಲ, ಎತ್ತರ ಮೂರನ್ನೂ ಎರಡರಷ್ಟು ಮಾಡಿ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದೆ. ಸಣ್ಣಪುಟ್ಟ ಹೊಸ ಅಳತೆ ಬಂದರೆ ರದ್ದಿ ತಗಡಿನಲ್ಲಿ ಮಾಡಿ ನೋಡಿ ತಿದ್ದಿಕೊಳ್ಳುವುದು ನನ್ನ ರೂಢಿ. ಇಷ್ಟು ದೊಡ್ಡದಕ್ಕೆ ಅಷ್ಟು ರದ್ದಿ ಎಲ್ಲಿಂದ ತರಲಿ?

ಕಡ್ಡಿ ಡ್ರಮ್ಮಿನ ಮೇಲಿಂದ ಗೀಟುಗಳನ್ನೇ ನೋಡುತ್ತಿದ್ದಳು.

“ಮಾವ, ಇದು ಎಂಟರಷ್ಟು ಹಿಡಿಯಲ್ವಾ?”

“ಲೆಕ್ಕದಲ್ಲಿ ಇಪ್ಪತ್ತೆರಡು ತಗೊಂಡವಳು ನನಗೆ ಹೇಳಿಕೊಡ್ತೀಯಾ?”

“ಇಪ್ಪತ್ನಾಲ್ಕು” ಅಂದಳು.

ಇಳಿದು ಹೋಗಿ ಮೊಳೆ ಹಾಕಿಡುವ ಎರಡು ಪೆಟ್ಟಿಗೆಗಳನ್ನು ಖಾಲಿ ಮಾಡಿ ತಂದಳು. ದೊಡ್ಡದರ ಪ್ರತಿಯೊಂದು ಬದಿಯೂ ಸಣ್ಣದರ ಎರಡರಷ್ಟು, ನಾನೇ ಮಾಡಿದ್ದು. ಬೆಂಕಿ ಆರಿಸಲು ಇಟ್ಟಿದ್ದ ಮರಳನ್ನು ಸಣ್ಣದರಲ್ಲಿ ತುಂಬಿ ತುಂಬಿ ದೊಡ್ಡದಕ್ಕೆ ಸುರಿಯತೊಡಗಿದಳು. ನಾನು ನಗುತ್ತಲೇ ಎಣಿಸಿದೆ. ಎರಡಕ್ಕೆ ತುಂಬುತ್ತದೆ ಎಂದುಕೊಂಡಿದ್ದೆ. ಕಾಲು ಭಾಗಕ್ಕೇ ನಿಂತಿತು. ನಾಲ್ಕಕ್ಕೆ ಅರ್ಧ. ಆರನೆಯದಕ್ಕೆ ನನ್ನ ನಗು ನಿಂತಿತು. ಎಂಟಕ್ಕೆ ಕಂಠಮಟ್ಟ.

ಸೀಮೆಸುಣ್ಣ ಕೆಳಗಿಟ್ಟೆ. ಗಿರಣಿಯವನು ಅಳೆಯುವ ಆಸಾಮಿಯಲ್ಲ, ಕಣ್ಣಿಗೆ ಜಾಗ ಕಂಡರೆ ಚೀಲ ಬಿಚ್ಚುವವನು. ಎಂಟರಷ್ಟು ಕಾಳಿನ ಭಾರ ಆ ಹಳೆಯ ಹಲಗೆಗಳ ಮೇಲೆ ಬೀಳುತ್ತಿತ್ತು. ಆ ಅಟ್ಟದ ಕೆಳಗೇ ಅವನ ಹೆಂಡತಿ ದಿನವಿಡೀ ಕೂತು ಹಿಟ್ಟಿನ ಚೀಲಗಳ ಬಾಯಿ ಹೊಲಿಯುತ್ತಾಳೆ.

“ಹಾಗಾದ್ರೆ ಎಷ್ಟು ಮಾಡ್ಬೇಕೇ, ಮಾರಾಯ್ತಿ?” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

“ಗೊತ್ತಿಲ್ಲ. ಹುಡುಕ್ಬೇಕು.”

ಅಂಗಡಿಯಲ್ಲಿ ಬೇರೆ ಕಾಗದವಿರಲಿಲ್ಲ. ತನ್ನದನ್ನೇ ಮಗುಚಿ ಬರೆಯತೊಡಗಿದಳು. ಬಾಯಲ್ಲಿ ಗೊಣಗಾಟ ಬೇರೆ. “ಒಂದೂವರೆ ಪಾಲು ಮಾಡಿದ್ರೆ ಮೂರರಷ್ಟು ದಾಟಿ ಹೋಗುತ್ತೆ. ಒಂದೂಕಾಲು… ಎರಡಕ್ಕೆ ಚೂರು ಕಡಿಮೆ. ಚೂರೇ ಚೂರು ಹೆಚ್ಚಿಸಿದ್ರೆ…” ಹಾಳೆಯ ಹಿಂಬದಿ ತುಂಬಿದ ಮೇಲೆ ತಲೆ ಎತ್ತಿದಳು. “ಹನ್ನೆರಡು ಅಂಗುಲ ಇದ್ದ ಕಡೆ ಹದಿನೈದು ಅಂಗುಲ, ಮೇಲೊಂದು ನೂಲು.”

ನೂಲೆಂದರೆ ನಮ್ಮ ಕಸುಬಿನಲ್ಲಿ ಅಂಗುಲದ ಎಂಟನೆಯ ಒಂದು ಪಾಲು. ನಾನು ನಂಬಲಿಲ್ಲ. ಅದೇ ಲೆಕ್ಕದಲ್ಲಿ ರದ್ದಿ ತಗಡಿನಿಂದ ಒಂದು ಪುಟ್ಟ ಪೆಟ್ಟಿಗೆ ಮಾಡಿದೆ. ಮೊದಲಿನ ಸಣ್ಣ ಪೆಟ್ಟಿಗೆಯಿಂದ ಅದಕ್ಕೆ ಮರಳನ್ನು ಎರಡು ಸಲ ಸುರಿದೆವು. ಎರಡನೆಯದಕ್ಕೆ ಅಂಚಿಗೆ ಸಮವಾಗಿ ನಿಂತಿತು. ಡ್ರಮ್ಮಿನ ಮೇಲೆ ಈ ಸಲ ನಾನು ಕೂತೆ.

“ಶಾಲೇಲಿ ಇದನ್ನೇ ಘನ ಅಂತಾರೆ” ಎಂದಳು ಕಡ್ಡಿ. “ಒಳಗೆ ಏನಾದ್ರೂ ತುಂಬೋದಿರುತ್ತೆ ಅಂತ ಯಾರೂ ಹೇಳಿರ್ಲಿಲ್ಲ.”

“ಈಗ ಸಹಿ?”

ಅವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಲೆಕ್ಕ ಬಿಡ್ತೀನಿ ಅನ್ನೋ ಕಾಗದದ ತುಂಬ ಲೆಕ್ಕಾನೇ ಇದೆ. ಮೇಷ್ಟ್ರು ನಗಲ್ವಾ?”

“ಬೇಕಿದ್ರೆ ಇನ್ನೊಂದು ಕಾಗದ ಕೇಳಿ ತಗೊಂಡು ಬಾ. ಆದ್ರೆ ಸಹಿ ಹಾಕೋ ಮಾವ ಬೇರೆ ಯಾರಾದ್ರೂ ಇದ್ರೆ ನೋಡ್ಕೋ.”

“ಬೇಡ ಬಿಡು” ಎಂದು ನಕ್ಕಳು.

ಸಂಜೆ ಮನೆ ಹೊಕ್ಕೊಡನೆ ತಂಗಿ ಅಡುಗೆಮನೆಯಿಂದಲೇ ಕೇಳಿದಳು: “ಹಾಕಿದ್ಯಾ?” ಇಲ್ಲವೆಂದೆ. ಅವಳು ಬಿಟ್ಟ ಉಸಿರು ಹೊಸಿಲಿನ ತನಕ ಕೇಳಿಸಿತು.

ಕಡ್ಡಿಗೆ ಆಮೇಲೂ ಗಣಿತ ಸುಲಭವಾಗಲಿಲ್ಲ. ಕಡೆಯ ಪರೀಕ್ಷೆಯನ್ನು ಎರಡು ಸಲ ಬರೆದಳು. ಆದರೆ ನಕ್ಷೆ ಕೆಲಸ ಕಲಿಸುವ ತರಬೇತಿ ಶಾಲೆಯವರು ಬಾಗಿಲಲ್ಲೇ ಕೇಳಿದ್ದು ಒಂದೇ ಮಾತು, ಗಣಿತ ಓದಿದ್ದೀಯಾ ಎಂದು. ನನ್ನ ಸಹಿ ಬಿದ್ದಿದ್ದರೆ ಅವಳು ಅಲ್ಲಿಂದಲೇ ಹಿಂದಿರುಗಬೇಕಿತ್ತು. ಈಗ ಅವಳು ಕಾಳಿನ ಕಣಜಗಳನ್ನು ಮಾಡುವ ಕಾರ್ಖಾನೆಯಲ್ಲಿದ್ದಾಳೆ. ಅವಳು ಅಳತೆ ಬರೆದುಕೊಡುವ ತನಕ ಹನ್ನೆರಡು ಮಂದಿ ಬೆಸುಗೆಯವರು ಕೈಕಟ್ಟಿ ನಿಂತಿರುತ್ತಾರೆ. ಅವರಿಗೆ ಅವಳು ಮೇಡಂ. ನನ್ನ ಕೈಗೆ ಗೊತ್ತಿದ್ದದ್ದು ನಲವತ್ತೊಂದು ಸಾಮಾನು ಮಾತ್ರ. ಇನ್ನೂ ಯಾರೂ ಮಾಡದ ಸಾಮಾನಿನ ಅಳತೆಯನ್ನೂ ಅವಳು ಕೂತಲ್ಲೇ ಹೇಳುತ್ತಾಳೆ.

ಕಡ್ಡಿ ಹೇಳಿದ ಅಳತೆಗೇ ಮಾಡಿಕೊಟ್ಟ ಆ ಆಲಿಕೆ ಇವತ್ತಿಗೂ ಗಿರಣಿಯ ಅಟ್ಟದ ಮೇಲಿದೆ. ಗಿರಣಿಯವನ ಹೆಂಡತಿ ಅದರ ಕೆಳಗೇ ಕೂತು ಚೀಲ ಹೊಲಿಯುತ್ತಾಳೆ. ಆ ದಾರಿಯಲ್ಲಿ ಹೋದಾಗಲೆಲ್ಲ ಒಮ್ಮೆ ಒಳಗೆ ಇಣುಕುತ್ತೇನೆ. “ಏನಣ್ಣಾ, ಏನು ಬೇಕಿತ್ತು?” ಎನ್ನುತ್ತಾಳೆ ಆಕೆ. ಏನಿಲ್ಲಮ್ಮ, ಸುಮ್ಮನೆ ಎಂದು ಮುಂದೆ ನಡೆಯುತ್ತೇನೆ.